ಬರಾಕತ್ತೈತಿ, ಕುಂದರ್ರಿ

ಗುಲಾಬಿ ವಾಸನೆಯ ಊದಿನಕಡ್ಡಿಯನ್ನು ಯಾರ ಮನೆಯಲ್ಲಿ ಹಚ್ಚಿದರೂ ನನಗೆ ಹೊಟ್ಟೆ ತೊಳಸಿದಂತಾಗುತ್ತದೆ. ದಿನಾ ಎರಡು ಹೊತ್ತು ಲಿಂಗಪೂಜೆ ಮಾಡುವವಳು ಇಂಥ ಮಾತು ಬರೆಯಬಾರದು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದೂ ಒಂದು ಪೂಜೆಯೇ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಆ ಊದಿನಕಡ್ಡಿಯನ್ನು ದಿನವಿಡೀ ಉರಿಸುತ್ತಿದ್ದದ್ದು ಇಂಡಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯ ಇಂಟರ್ನೆಟ್ ಅಂಗಡಿಯವರು. ನನ್ನ ನಾದಿನಿಯ ಜೊತೆ ನಾನು ಆ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಆ ಹೊಗೆ ಕುಡಿದದ್ದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ. ಆಗ ನಮ್ಮ ಕಡೆ ಎಲ್ಲದಕ್ಕೂ ಹೊಸದಾಗಿ ‘ಆನ್‌ಲೈನ್’ ಎಂಬ ಮಾತು ಬಂದಿತ್ತು. ಆನ್‌ಲೈನ್ ಅಂದರೆ ಏನು ಎಂದು ಕೇಳಿದರೆ, ‘ಇನ್ನು ಮುಂದೆ ಯಾರ ಕಾಲೂ ಹಿಡಿಯೂದು ಬ್ಯಾಡ’ ಎನ್ನುತ್ತಿದ್ದರು. ನಾವೂ ಹಾಗೆಯೇ ನಂಬಿದ್ದೆವು.

ನಾದಿನಿ ನಮ್ಮ ಯಜಮಾನರ ಕಡೆಯ ತಂಗಿ, ಅವರಿಗಿಂತ ಬಹಳ ಚಿಕ್ಕವಳು. ಮದುವೆಗೆ ಮುಂಚೆಯೇ ಮಾಸ್ತರಿಕೆಯ ತರಬೇತಿ ಮುಗಿಸಿದ್ದಳು. ಗಂಡ ಇರುವವರೆಗೆ ಆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಟ್ರಂಕಿನ ಸಮೇತ ನಮ್ಮ ಮನೆಗೆ ಬಂದಳು. ಬಂದವಳು ಅಳುತ್ತ ಮೂಲೆ ಹಿಡಿಯಲಿಲ್ಲ. ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಮಗ್ಗಿ ಹೇಳಿಕೊಡತೊಡಗಿದಳು. ಬಾಯಿ ಬಲು ಖಾರ. ನನಗೆ ಅದು ಹಿಡಿಸುತ್ತಿತ್ತು. ಮಾತಾಡದ ನಾದಿನಿಗಿಂತ ಮಾತಾಡುವ ನಾದಿನಿ ಲೇಸು, ಏನು ನಡೆದಿದೆ ಎಂದಾದರೂ ತಿಳಿಯುತ್ತದೆ.

“ವೈನಿ, ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ನಂದ ಅನ್ನೂ ಒಂದು ಸಾಲಿ ಬೇಕು ನೋಡ್ರಿ,” ಎನ್ನುತ್ತಿದ್ದಳು. “ಮುಂಜಾನೆ ನಾ ಹೋಗಿ ಕೀಲಿ ತೆಗೀಬೇಕು. ಸಂಜಿಕ ನಾ ಕೀಲಿ ಹಾಕಬೇಕು.”

ಸರಕಾರಿ ಪ್ರಾಥಮಿಕ ಶಾಲೆಗೆ ಶಿಕ್ಷಕರನ್ನು ತೆಗೆದುಕೊಳ್ಳುವ ಪರೀಕ್ಷೆ ಬಂತು. ಅವಳ ವಯಸ್ಸಿಗೆ ಅದೇ ಕಡೆಯ ಅವಕಾಶ. ಮುಂದಿನ ಸಲ ಕರೆಯುವ ಹೊತ್ತಿಗೆ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು. ಹಾಗಾಗಿ ಆ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ಪರೀಕ್ಷೆಯದೇ ಮಾತು. ರೊಟ್ಟಿ ಬಡಿಯುವುದನ್ನು ನಾನೇ ತೆಗೆದುಕೊಂಡೆ. ನಾನು ಬಡಿಯುತ್ತಿದ್ದರೆ ಅವಳು ಒಲೆಯ ಮುಂದೆ ಕೂತು ಮಕ್ಕಳ ಮನಶ್ಶಾಸ್ತ್ರವನ್ನು ಗಟ್ಟಿಯಾಗಿ ಓದುತ್ತಿದ್ದಳು. ಕೇಳಿ ಕೇಳಿ ನನಗೂ ಅರ್ಧ ಬಾಯಿಪಾಠವಾಗಿತ್ತು. ಒಂದು ದಿನ ಯಜಮಾನರು ಊಟಕ್ಕೆ ಕೂತಾಗ ಮೊಮ್ಮಗುವಿನ ಹಟದ ಬಗ್ಗೆ ಏನೋ ಅಂದರು. ನಾನು ಪುಸ್ತಕದ ಮಾತಿನಲ್ಲೇ ಉತ್ತರ ಕೊಟ್ಟೆ. ಅವರು ತುತ್ತು ಕೈಯಲ್ಲೇ ಹಿಡಿದು, “ಪರೀಕ್ಷಾಕ್ಕ ಕೂಡೂದು ಅಕಿನೋ ನೀನೋ?” ಎಂದರು.

ಅರ್ಜಿಯನ್ನು ಆ ಅಂಗಡಿಯಿಂದಲೇ ಕಳಿಸಿದ್ದೆವು. ಹಾಲ್ ಟಿಕೆಟ್ ಅಂಚೆಯಲ್ಲಿ ಬರುವುದಿಲ್ಲ, ಪರೀಕ್ಷೆಯ ವಾರ ಅದನ್ನೂ ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು ಎಂದಿದ್ದರು. ಪರೀಕ್ಷೆ ಬಾಗೇವಾಡಿಯಲ್ಲೋ, ಸಿಂದಗಿಯಲ್ಲೋ, ಮುದ್ದೇಬಿಹಾಳದಲ್ಲೋ, ಅದನ್ನು ಹೇಳುವುದೂ ಆ ಟಿಕೆಟ್ಟೇ. ಅದು ಕೈಗೆ ಬಾರದೆ ಯಾವ ಬಸ್ ಹತ್ತಬೇಕು ಎಂಬುದೂ ಗೊತ್ತಿಲ್ಲ.

ಭಾನುವಾರ ಪರೀಕ್ಷೆ. ಗುರುವಾರ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಇಬ್ಬರೂ ಅಂಗಡಿಗೆ ಹೋದೆವು.

ಅಂಗಡಿಯವರ ವಿಷಯ ಸ್ವಲ್ಪ ಹೇಳಬೇಕು. ಅವರದು ಮೂರು ತಲೆಮಾರಿನ ಕಿರಾಣಿ ಮನೆತನ. ಅಣ್ಣ ಹಳೆಯ ಅಂಗಡಿ ನೋಡಿಕೊಂಡ, ತಮ್ಮ ಇದನ್ನು ತೆಗೆದ. ನಡುವಯಸ್ಸಿನ ಮನುಷ್ಯ, ಬಿಳಿ ಅಂಗಿ, ಹಣೆಗೆ ಕುಂಕುಮ, ಜೇನು ಸುರಿದಂಥ ಮಾತು. ಪ್ರತಿ ಕಂಪ್ಯೂಟರಿನ ತಲೆಗೂ ಬೆಳಿಗ್ಗೆ ಹೂ ಏರಿಸುತ್ತಿದ್ದರು. ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ. ನಮ್ಮ ಕಡೆಯ ಹಳೆಯ ಅಂಗಡಿಕಾರರಲ್ಲಿ ಒಂದು ಪದ್ಧತಿ ಇದೆ. ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಆಗುವುದಕ್ಕೆ ಮುಂಚೆ ಗಿರಾಕಿಗೆ ‘ಇಲ್ಲ’ ಎನ್ನಬಾರದು. ಅಂದರೆ ದಿನವೆಲ್ಲ ‘ಇಲ್ಲ’ ಆಗುತ್ತದಂತೆ. ಬೆಲ್ಲ ಕೇಳಿದಿರಿ, ಬೆಲ್ಲ ತೀರಿದೆ ಅನ್ನಿ. ‘ಬರಾಕತ್ತೈತಿ, ಕುಂದರ್ರಿ’ ಎಂದು ನಿಮ್ಮನ್ನು ಕೂಡಿಸಿ, ಹಿತ್ತಿಲ ಬಾಗಿಲಿಂದ ಆಳನ್ನು ಪಕ್ಕದ ಅಂಗಡಿಗೆ ಓಡಿಸಿ ಬೆಲ್ಲ ತರಿಸುತ್ತಾರೆ. ನೀವು ನೀರು ಕುಡಿಯುವುದರೊಳಗೆ ಬೆಲ್ಲ ತಕ್ಕಡಿಯಲ್ಲಿರುತ್ತದೆ. ಒಳ್ಳೆಯ ಪದ್ಧತಿ. ಬೆಲ್ಲಕ್ಕೆ.

ಆ ದಿನ ಅವರು ನಮ್ಮನ್ನು ನೋಡಿ ಕುರ್ಚಿ ಒರೆಸಿದರು. “ಬರ್ರಿ ಅಕ್ಕಾರ, ಬರ್ರಿ. ಹಾಲ್ ಟಿಕೆಟ್ ಅಲ್ರಿ? ಬರಾಕತ್ತೈತಿ, ಕುಂದರ್ರಿ.”

ಪರದೆಯ ಮೇಲೆ ಬರೀ ಬಿಳಿ. ನಡುವೆ ಮರಳ ಗಡಿಯಾರದಂಥದೊಂದು ಚಿತ್ರ ತಿರುಗುತ್ತಿತ್ತು. ಹೊತ್ತು ಹೋದ ಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಮೂಡಿತು. ಅವರು ಅದನ್ನು ಒರೆಸಿ ಮತ್ತೆ ಒತ್ತಿದರು. ಮತ್ತೆ ಬಿಳಿ.

ನಮ್ಮ ಹಾಗೆಯೇ ಬಂದವರು ಬೇಕಾದಷ್ಟು ಜನ ಇದ್ದರು. ಆಲಮೇಲದಿಂದ ಒಬ್ಬ ಹುಡುಗಿ ರೊಟ್ಟಿ ಗಂಟು ಕಟ್ಟಿಕೊಂಡು ಬಂದಿದ್ದಳು. ಒಬ್ಬಾತ ಹಲಸಂಗಿಯ ಕಡೆಯವನು, ಎಮ್ಮೆ ಹಿಂಡಿ ಹಾಲು ಹಾಕಿಯೇ ಬಂದಿದ್ದೇನೆ ಎಂದ. ಅಂಗಡಿಯವರು ಎಲ್ಲರಿಗೂ ಚಹಾ ತರಿಸಿದರು. ಸುಮ್ಮನೆ ಕೂತದ್ದಕ್ಕೆ ಯಾರಿಂದಲೂ ಏನೂ ಕೇಳಲಿಲ್ಲ. ‘ಎಂಥ ಮನುಷ್ಯಾರ್ರಿ’ ಎಂದು ನಾವೇ ಹೊಗಳಿದೆವು. ಅದನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಹಲಸಂಗಿಯವನು ಬೇಸತ್ತ. “ಇದಕ್ಕಿಂತ ನಮ್ಮ ಎಮ್ಮಿ ಭೇಷಿ ನೋಡ್ರಿ. ಹಾಲು ಕೊಡೂದಿಲ್ಲಂದ್ರ ಒಂದು ಒದಿಕಿ ಕೊಟ್ಟು ಹೇಳತೈತಿ. ಇದು ಒದಿಯೂದೂ ಇಲ್ಲ, ಕೊಡೂದೂ ಇಲ್ಲ.”

ನಾದಿನಿ ಥಟ್ಟನೆ, “ಹಂಗಿದ್ರ ಅದರ ಮುಂದ ಒಂದು ಬುಟ್ಟಿ ಹಿಂಡಿ ಇಡ್ರೆಪಾ, ಹಸದೈತಿ ಕಾಣ್ತೈತಿ,” ಎಂದಳು.

ಎಲ್ಲರೂ ನಕ್ಕೆವು. ಅಂಗಡಿಯವರೂ ನಕ್ಕು, ಮತ್ತೊಂದು ಊದಿನಕಡ್ಡಿ ಹಚ್ಚಿದರು.

ಆ ದಿನ ಕರೆಂಟ್ ಹೋಗಲಿಲ್ಲ. ಫ್ಯಾನ್ ತಿರುಗುತ್ತಿತ್ತು. ಶಿವನೇ, ಇಷ್ಟಾದರೂ ಕೊಟ್ಟೆಯಲ್ಲ ಎಂದುಕೊಂಡು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳುತ್ತ ಕೂತೆ. ಸಂಜೆ ಬರಿಗೈಲಿ ಎದ್ದೆವು. “ನಾಳಿ ಮುಂಜಾನೆ ಲಗೂನ ಬರ್ರಿ, ಬಂದಬಿಡತೈತಿ,” ಎಂದು ಅವರು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಶುಕ್ರವಾರವೂ ಅದೇ ಕುರ್ಚಿ, ಅದೇ ಬಿಳಿ, ಅದೇ ಗುಲಾಬಿ ಹೊಗೆ. ನಾದಿನಿ ಈ ಸಲ ಪುಸ್ತಕ ತಂದಿದ್ದಳು, ಆದರೆ ಓದಲಾಗಲಿಲ್ಲ. ಪುಟ ತೆರೆದಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಳು. ನಡುವೆ ನಾನು ಎದ್ದು ಎದುರಿನ ಎಸ್‌ಟಿಡಿ ಬೂತಿನಿಂದ ಬಿಜಾಪುರದ ಶಿಕ್ಷಣ ಇಲಾಖೆಯ ಕಚೇರಿಗೆ ಫೋನ್ ಹಚ್ಚಿಸಿದೆ. ಬಹಳ ಹೊತ್ತು ಎಂಗೇಜ್. ಕೊನೆಗೆ ಯಾರೋ ಎತ್ತಿದರು. ಯಾವ ಊರು, ಯಾರು ಎಂದೂ ಕೇಳಲಿಲ್ಲ.

“ವೆಬ್‌ಸೈಟ್ ನೋಡ್ರಿ.”

“ಅದು ತೆರೀವಲ್ದರಿ ಸಾಹೇಬರ, ನಿನ್ನಿಂದ ಕುಂತೇವಿ.”

“ತೆರದಾಗ ನೋಡ್ರಿ. ಎಲ್ಲಾ ಅದರಾಗ ಐತಿ.”

ಫೋನ್ ಇಟ್ಟ ಸದ್ದು ಕಿವಿಗೆ ಬಡಿಯಿತು. ನಾನು ಮರಳಿ ಬಂದು ಅಂಗಡಿಯವರನ್ನು ನೇರವಾಗಿಯೇ ಕೇಳಿದೆ. “ಅಣ್ಣಾರ, ಖರೇ ಹೇಳ್ರಿ. ಇದು ಬರತೈತೋ ಇಲ್ಲೋ?”

ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಯಾಕ ಅಂಥಾ ಮಾತು ಆಡ್ತೀರಿ ಅಕ್ಕಾರ? ಇನ್ನೂ ಬೋಣಿ ಆಗಿಲ್ಲ. ಬರತೈತಿ. ದೇವರ ಮ್ಯಾಲ ಭಾರ ಹಾಕ್ರಿ.”

ದೇವರ ಹೆಸರು ತೆಗೆದರೆ ನನ್ನಂಥವಳ ಬಾಯಿ ಮುಚ್ಚುತ್ತದೆ ಎಂಬುದು ಲೋಕಕ್ಕೆಲ್ಲ ಗೊತ್ತು. ಮುಚ್ಚಿತು.

ಶನಿವಾರ ಬೆಳಿಗ್ಗೆ ಮನೆಯ ಫೋನ್ ರಿಂಗಾಯಿತು. ಸಿಂದಗಿಯಿಂದ ನಮ್ಮ ಅಕ್ಕ. ಬೇರೇನೋ ಮಾತಿಗೆ ಮಾಡಿದ್ದಳು. ಮಾತು ಮುಗಿಯುವಾಗ, “ಅಂದಂಗ, ನಿಮ್ಮ ನಾದಿನಿ ಪರೀಕ್ಷಾ ಎಲ್ಲಿ ಬಂದೈತಿ? ನಮ್ಮ ಓಣ್ಯಾಗಿನ ಹುಡುಗ್ಯಾರೆಲ್ಲಾ ನಿನ್ನೇನ ಹಾಲ್ ಟಿಕೆಟ್ ತಂದಾರ,” ಎಂದಳು.

“ಎಲ್ಲಿಂದ ತಂದ್ರಬೇ? ಇಲ್ಲಿ ಕಂಪ್ಯೂಟರ್ ತೆರೀವಲ್ದು.”

“ಅಯ್ಯ, ಎಲ್ಲಾ ಕಡೆನೂ ಬಂದ್ ಐತಂತ. ಬಿಜಾಪುರದ ಕಚೇರ್ಯಾಗ ಕೈಲೇ ಕೊಡಾಕತ್ತಾರಂತ. ನಮ್ಮ ಇಲ್ಲಿ ಕಂಪ್ಯೂಟರ್ ಅಂಗಡ್ಯಾವ ಅದಾನಲ್ಲ, ಆ ಬಾಯಿಬಡಕ, ಗುರುವಾರ ಮಧ್ಯಾಹ್ನನ ಎಲ್ಲಾರನ್ನೂ ಎಬ್ಬಿಸಿ ಹೊರಗ ಹಾಕ್ಯಾನ. ‘ಇದು ಸತ್ತೈತಿ, ಇದರ ಮುಂದ ಕುಂತು ಯಾಕ ಅಳ್ತೀರಿ, ಬಿಜಾಪುರಕ್ಕ ಸಾಯ್ರಿ’ ಅಂತ ಬೈದು ಬಾಗಲಾ ಮುಚ್ಯಾನ. ಹುಡುಗ್ಯಾರು ಅವಗ ಶಾಪಾ ಹಾಕ್ಕೋತ ಬಸ್ ಹತ್ಯಾರ. ಹೋಗಿ ತಂದಾರ.”

ಒಲೆಯ ಮೇಲೆ ಇದ್ದ ಬೇಳೆಯನ್ನು ಇಳಿಸಿ, ಸೊಸೆಗೆ ಮನೆ ಒಪ್ಪಿಸಿ, ನಾದಿನಿಯ ಕೈ ಹಿಡಿದು ಓಡಿದೆ. ಸರಕಾರಿ ಬಸ್ ಹೋಗಿಬಿಟ್ಟಿತ್ತು. ಟಂಟಂ ಆಟೋ ಹಿಡಿದು, ಅದು ಹಾದಿಯಲ್ಲಿ ಜನ ತುಂಬಿಕೊಳ್ಳುವುದನ್ನು ಹಲ್ಲು ಕಚ್ಚಿ ನೋಡಿ, ನಡುವೆ ಇನ್ನೊಂದು ಗಾಡಿ ಹತ್ತಿ, ಮಧ್ಯಾಹ್ನ ದಾಟಿದ ಮೇಲೆ ಬಿಜಾಪುರ ಮುಟ್ಟಿದೆವು. ಹಾದಿಯುದ್ದಕ್ಕೂ ನಾದಿನಿ ಒಂದು ಮಾತನ್ನೂ ಆಡಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನು ಹಿಂದೆ ಒಮ್ಮೆ ಮಾತ್ರ ಕಂಡಿದ್ದೆ, ಗಂಡನ ದಿನಕರ್ಮದ ದಿನ.

ಕಚೇರಿಯ ಕಿಟಕಿ ಮುಚ್ಚಿತ್ತು. ಒಳಗೆ ಒಬ್ಬ ಗುಮಾಸ್ತ ಫ್ಯಾನಿನ ಕೆಳಗೆ ಕಾಗದ ಜೋಡಿಸುತ್ತಿದ್ದ. ಬಾಗಿಲು ಬಡಿದೆವು.

“ಹಾಲ್ ಟಿಕೆಟ್ ಕೊಡೂದು ಮಧ್ಯಾಹ್ನಕ್ಕ ಮುಗದೈತ್ರಿ,” ಎಂದ.

ನಾದಿನಿ ಕೇಳಿದಳು. “ಇಲ್ಲಿ ಕೊಡಾಕತ್ತೀರಿ ಅಂತ ನಮಗ ಯಾರು ಹೇಳಿದ್ರಿ?”

“ವೆಬ್‌ಸೈಟಿನ್ಯಾಗ ಹಾಕೇವಲ್ರಿ.”

“ವೆಬ್‌ಸೈಟ್ ಕೆಟ್ಟೈತಿ ಅಂತಲ್ರಿ ಇಲ್ಲಿ ಕೈಲೇ ಕೊಟ್ಟದ್ದು?”

“ಹೌದ್ರಿ.”

“ಅಂದ್ರ ಕೆಟ್ಟ ವೆಬ್‌ಸೈಟಿನ್ಯಾಗ, ಇದು ಕೆಟ್ಟೈತಿ ಅಂತ ಬರದೀರಿ.”

ಗುಮಾಸ್ತ ಒಂದು ಕ್ಷಣ ಯೋಚಿಸಿದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. “ಗ್ವಾಡಿಗೂ ಹಚ್ಚೇವ್ರಿ,” ಎಂದ.

“ಯಾವ ಗ್ವಾಡಿಗೆ?”

“ಇದ ಗ್ವಾಡಿಗೆ. ಹೊರಗ ನೋಡ್ರಿ.”

ಹೊರಗೆ ಹೋಗಿ ನೋಡಿದೆವು. ಮೆಟ್ಟಿಲ ಪಕ್ಕದ ಗೋಡೆ. ಮೊಳಕಾಲಿನ ಎತ್ತರದವರೆಗೆ ಗುಟ್ಕಾ ಉಗುಳಿ ಕೆಂಪು ಮಾಡಿದ್ದರು. ಅದರ ಮೇಲೆ ಹಳೆಯ ನೋಟಿಸುಗಳ ಸಾಲು. ನಮ್ಮದನ್ನು ಅರ್ಧ ಮುಚ್ಚುವ ಹಾಗೆ ಯಾರೋ ಟ್ಯೂಷನ್ನಿನ ಜಾಹೀರಾತು ಅಂಟಿಸಿದ್ದರು. ನಾದಿನಿ ಆ ಜಾಹೀರಾತನ್ನು ಉಗುರಿನಿಂದ ಕಿತ್ತಳು. ಕೆಳಗಿನ ಕಾಗದದಲ್ಲಿ ಎಲ್ಲ ಸ್ವಚ್ಛವಾಗಿ ಬರೆದಿತ್ತು, ಗುರುವಾರದಿಂದ ಶನಿವಾರ ಮಧ್ಯಾಹ್ನದವರೆಗೆ ಇಲ್ಲಿ ಬಂದು ತೆಗೆದುಕೊಳ್ಳತಕ್ಕದ್ದು ಎಂದು. ಅಕ್ಷರಗಳು ಮುತ್ತಿನಂತೆ ಇದ್ದವು. ನನಗೆ ವಾಕರಿಕೆ ಬಂತು. ಉಗುಳಿನ ವಾಸನೆಗೋ ಆ ಮುತ್ತಿನಂಥ ಅಕ್ಷರಕ್ಕೋ ಹೇಳಲಾರೆ.

ಮರಳಿ ಒಳಗೆ ಹೋಗಿ ನಾನು ಅಂದೆ, “ತಮ್ಮಾ, ಇಂಡ್ಯಾಗ ಕುಂತವರಿಗೆ ಈ ಗ್ವಾಡಿ ಕಾಣ್ತೈತೇನಪಾ? ನಮ್ಮೂರಾಗ ನಳದಾಗ ನೀರು ಬರದಿದ್ರ ಡಂಗುರಾ ಹೊಡದು ಹೇಳ್ತಾರ. ಯಾರರೆ ಸತ್ರ ಮನಿಮನಿಗೆ ಹೋಗಿ ಹೇಳ್ತಾರ. ನೀವು ಫೋನ್ ಎತ್ತಿ ಒಂದು ಮಾತು ಹೇಳಾಕ ಏನಾಗಿತ್ತು? ನಿನ್ನೆ ನಾ ಮಾಡಿದ್ದೆ.”

“ಅಕ್ಕಾರ, ನಮಗ ಮ್ಯಾಲಿನವರು ಎಷ್ಟ ಹೇಳ್ಯಾರೋ ಅಷ್ಟ ಮಾಡೇವ್ರಿ. ಫೋನಿನ್ಯಾಗ ಹೇಳ್ರಿ ಅಂತ ಹೇಳಿಲ್ಲ.”

“ಈಗರೆ ಕೊಡು. ಅಲ್ಲೇ ಅದಾವಲ್ಲ?”

ಅವನು ಕಬ್ಬಿಣದ ಕಪಾಟಿನ ಕಡೆ ನೋಡಿದ. ಟಿಕೆಟ್ಟುಗಳು ಅದರಲ್ಲಿಯೇ ಇದ್ದವು. ಕೀಲಿಯನ್ನು ಸಾಹೇಬರು ತೆಗೆದುಕೊಂಡು ಹೋಗಿದ್ದರು. ಸಾಹೇಬರ ಮನೆ ಎಲ್ಲಿ? ಅವರು ಊರಿಗೆ ಹೋಗಿದ್ದಾರೆ. ಅವರ ಫೋನ್? ಹತ್ತುತ್ತಿಲ್ಲ. ಒಂದೊಂದು ಪ್ರಶ್ನೆಗೂ ಅವನಲ್ಲಿ ಒಂದೊಂದು ಉತ್ತರ ಸಿದ್ಧವಿತ್ತು. ನಮಗಿಂತ ಮುಂಚೆ ಬಂದವರಿಗೂ ಅವನ್ನೇ ಕೊಟ್ಟು ಕೊಟ್ಟು ನುಣುಪಾಗಿದ್ದವು. ಕೊನೆಗೆ ಏನನ್ನಿಸಿತೋ, ಮೇಜಿನ ಮೇಲಿನ ಪಟ್ಟಿಯಲ್ಲಿ ಬೆರಳಾಡಿಸಿ, “ನಿಮ್ಮ ಸೆಂಟರ್ ಬಸವನ ಬಾಗೇವಾಡಿ ಐತ್ರಿ. ಅಲ್ಲಿ ಹೋಗಿ ಕೇಳಿ ನೋಡ್ರಿ,” ಎಂದ. ಶಿವ ಅವನನ್ನು ಚೆನ್ನಾಗಿ ಇಡಲಿ. ಅಷ್ಟಾದರೂ ಹೇಳಿದ.

ಬಾಗೇವಾಡಿ ನನ್ನ ತವರು. ಇದೂ ದೇವರ ದಯೆ ಅಂದುಕೊಂಡೆ, ಇಲ್ಲದಿದ್ದರೆ ಆ ದಿನ ಎಲ್ಲಿ ಇಳಿಯಬೇಕಿತ್ತು. ಹೊತ್ತು ಮುಳುಗುವ ಮುಂಚೆ ತಮ್ಮನ ಮನೆ ಸೇರಿದೆವು. ತಮ್ಮನ ಹೆಂಡತಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮುಂದಿಟ್ಟಳು. ನಾದಿನಿ ಎರಡು ತುತ್ತು ತಿಂದು ಪುಸ್ತಕ ಹಿಡಿದಳು. ಈಗ ಓದಿ ಏನು ಮಾಡುತ್ತಿ ಎಂದು ಯಾರೂ ಕೇಳಲಿಲ್ಲ. ಆ ಮನೆಯವರಿಗೆ ಅಷ್ಟು ಮರ್ಯಾದೆ ಇತ್ತು.

ಭಾನುವಾರ ಬೆಳಿಗ್ಗೆ ಗುಡಿಗೆ ಹೋಗಿ ನಂದಿಯ ಕಿವಿಯಲ್ಲಿ ಹೇಳಬೇಕಾದದ್ದನ್ನು ಹೇಳಿ, ಪರೀಕ್ಷೆಯ ಶಾಲೆಗೆ ಹೋದೆವು. ಎಲ್ಲರಿಗಿಂತ ಮುಂಚೆ ಹೋಗಿದ್ದೆವು. ಅಲ್ಲಿಯ ಹೆಡ್ ಮಾಸ್ತರು ಗೇಟಿನ ಹತ್ತಿರವೇ ನಿಂತಿದ್ದರು. ಅರ್ಧ ತೋಳಿನ ಅಂಗಿ, ಕನ್ನಡಕಕ್ಕೆ ದಾರ. ನಾದಿನಿ ಎಲ್ಲ ಹೇಳಿದಳು. ಅವರು ಪೂರ್ತಿ ಕೇಳಿದರು. ಒಳಗೆ ಹೋಗಿ ಪಟ್ಟಿ ನೋಡಿ ಬಂದರು.

“ತಂಗಿ, ನಿನ್ನ ನಂಬರ್ ಐತಿ. ನಿನ್ನ ಬೆಂಚೂ ಐತಿ, ಎರಡನೇ ಖೋಲಿ, ಕಿಡಕಿ ಬಾಜೂ. ಆದ್ರ ಹಾಲ್ ಟಿಕೆಟ್ ಇಲ್ದ ನಾ ಒಳಗ ಬಿಡಾಕ ಬರೂದಿಲ್ಲ. ಬಿಟ್ರ ನಿನ್ನ ಪೇಪರೂ ರದ್ದ್ ಮಾಡ್ತಾರ, ನನ್ನ ನೌಕರಿನೂ ಹೋಗತೈತಿ. ಇದನ್ನ ಬೆಲ್ ಹೊಡದ ಮ್ಯಾಲ ಹೇಳೂದಕ್ಕಿಂತ ಈಗ ಹೇಳತೇನಿ. ಆಗೂದಿಲ್ಲವಾ.”

ಗುರುವಾರದಿಂದ ಆ ಮಾತನ್ನು ನಮ್ಮ ಮುಖ ನೋಡಿ ಹೇಳಿದವರು ಅವರೊಬ್ಬರೇ. ಒಳಗಿಂದ ಕುರ್ಚಿ ತರಿಸಿ ಬೇವಿನ ಮರದ ಕೆಳಗೆ ಹಾಕಿಸಿದರು. ಸಂಕಟದಲ್ಲೂ ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಆದರೆ ನಾದಿನಿ ಕುರ್ಚಿಯಲ್ಲಿ ಕೂಡಲಿಲ್ಲ. ಗೇಟಿನ ಸರಳು ಹಿಡಿದು ನಿಂತಳು. ಜನ ಬರತೊಡಗಿದರು. ಎಲ್ಲರ ಕೈಯಲ್ಲೂ ಆ ಬಿಳಿ ಕಾಗದ. ಮುದ್ದೇಬಿಹಾಳದ ಕಡೆಯ ಒಬ್ಬ ಹುಡುಗಿ ಗೇಟಿನ ಮುಂದೆ ಪೆನ್ನು ಝಾಡಿಸುತ್ತ ನಿಂತಿದ್ದಳು. ಶಾಯಿ ಸೋರಿ ಬೆರಳೆಲ್ಲ ನೀಲಿ, ಮುಖ ಅಳುವಂತಾಗಿತ್ತು. ನಾದಿನಿ ತನ್ನ ಚೀಲದಿಂದ ಎರಡು ಹೊಸ ಪೆನ್ನು ತೆಗೆದು ಅವಳ ಕೈಗಿಟ್ಟಳು.

“ನಿಮಗ ಬೇಕಲ್ರಿ?” ಎಂದಳು ಆ ಹುಡುಗಿ.

“ನೀ ನಡೀವಾ, ಬೆಲ್ ಆಗತೈತಿ.”

ಹುಡುಗಿ ಓಡಿದಳು. ನಾದಿನಿ ನನ್ನ ಕಡೆ ತಿರುಗಿ, “ಪೆನ್ನರೆ ಒಳಗ ಹೋತು ನೋಡ್ರಿ ವೈನಿ,” ಎಂದಳು. ನಕ್ಕಳು. ಆ ನಗುವನ್ನು ನೋಡಲಾರದೆ ನಾನು ಮುಖ ತಿರುವಿದೆ. ಬೆಲ್ ಆಯಿತು. ಗೇಟ್ ಮುಚ್ಚಿದರು. ಕಿಟಕಿಯ ಪಕ್ಕದ ಬೆಂಚು ಹೊರಗಿನಿಂದಲೂ ಕಾಣುತ್ತಿತ್ತು. ಅದು ಖಾಲಿ ಇತ್ತು.

ಇಂಡಿಗೆ ಬಂದ ಮರುದಿನ ನಾನು ಒಬ್ಬಳೇ ಆ ಅಂಗಡಿಗೆ ಹೋದೆ. ಜಗಳ ಮಾಡಲು ಹೋಗಲಿಲ್ಲ. ಒಂದು ಮಾತು ತಿಳಿಯಬೇಕಿತ್ತು. ಅವರು ಕುರ್ಚಿ ಒರೆಸಿದರು. ನಾನು ನಿಂತೇ ಕೇಳಿದೆ, “ಅಣ್ಣಾರ, ಅದು ಬರೂದಿಲ್ಲ ಅಂತ ನಿಮಗ ಯಾವಾಗ ಗೊತ್ತಾತು?”

ಅವರು ಸುಳ್ಳು ಹೇಳಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ಸಿಂದಗಿಯ ಅಂಗಡಿಯವನು ಫೋನ್ ಮಾಡಿದ್ದನಂತೆ, ನಿಮ್ಮವರನ್ನೂ ಬಿಜಾಪುರಕ್ಕೆ ಕಳಿಸಿರಿ ಎಂದು.

“ಮತ್ತ ಯಾಕ ಹೇಳಲಿಲ್ಲ?”

“ಹೆಂಗ ಹೇಳ್ಲಿ ಅಕ್ಕಾರ? ಮುಂಜಾನೆ ಎದ್ದು ಆಸೆ ಇಟಗೊಂಡು ಬಂದವರ ಮುಂದ ಇಲ್ಲ ಅಂತ ಅನ್ನೂದು ಹೆಂಗ? ನಮ್ಮಪ್ಪ ಜೀವಮಾನದಾಗ ಗಿರಾಕಿಗೆ ಇಲ್ಲ ಅಂದಾವಲ್ಲ. ಅದು ಹೆಂಗರೆ ಬರಲಿ ಅಂತ ನಾ ದೇವರಿಗೆ ಬೇಡಿಕೊಂಡೇನಿ. ನೀವು ಕುಂತಷ್ಟೂ ಹೊತ್ತು ಊದಿನಕಡ್ಡಿ ಹಚ್ಚೇನಿ. ನಿಮ್ಮಾಣೆ.”

ಅವರ ಕಣ್ಣಲ್ಲಿ ನೀರಿತ್ತು. ಅದೂ ಖರೆ. ಅವರು ನಮಗಾಗಿ ಬೇಡಿಕೊಂಡದ್ದೂ ಖರೆ. ಅದಕ್ಕೇ ನನಗೆ ಹೆಚ್ಚು ಹೇಸಿಕೆಯಾಯಿತು. ಕಳ್ಳನಾಗಿದ್ದರೆ ಬೈದು ಹಗುರವಾಗಿ ಮನೆಗೆ ಬರುತ್ತಿದ್ದೆ. ಇಂಥ ಒಳ್ಳೆಯವರಿಗೆ ಏನು ಬೈಯುವುದು?

“ಅಣ್ಣಾರ,” ಎಂದೆ, “ನಮ್ಮ ಮನ್ಯಾಗೂ ಎಣ್ಣಿ ತೀರಿದ್ರ ತೀರೈತಿ ಅನ್ನೂದಿಲ್ಲ. ಹೆಚ್ಚಾಗೇತಿ ಅಂತೇವಿ. ಲಕ್ಷ್ಮಿ ಸಿಟ್ಟ ಆಗಬಾರದು ಅಂತ. ಆದ್ರ ಅನ್ನಾ ಮಾಡದನ ಪಂಕ್ತಿ ಕೂಡಿಸಿ, ಬರಾಕತ್ತೈತಿ ಅಂತ ಜನರನ್ನ ಎಲಿ ಮುಂದ ಕೂಡಸೂದಿಲ್ಲ. ಅವರಿಗೆ ಬ್ಯಾರೆ ಮನ್ಯಾಗರೆ ಊಟಾ ಸಿಗತಿತ್ತು.”

ನಾನು ಮೆಟ್ಟಿಲು ಇಳಿದೆ.

ಅದೇ ವಾರ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ತಾಂತ್ರಿಕ ಅಡಚಣೆಯಿಂದ ವೆಬ್‌ಸೈಟ್ ಕೆಲಕಾಲ ಸ್ಥಗಿತಗೊಂಡಿತ್ತು, ಅಭ್ಯರ್ಥಿಗಳಿಗೆ ಸಕಾಲದಲ್ಲಿ ತಿಳಿಸಿ ಪರ್ಯಾಯ ವ್ಯವಸ್ಥೆ ಮಾಡಲಾಗಿತ್ತು, ಯಾರಿಗೂ ತೊಂದರೆಯಾಗಿಲ್ಲ ಎಂದು. ಯಜಮಾನರು ಅದನ್ನು ಓದಿ, ತಂಗಿ ನೋಡದಿರಲಿ ಎಂದು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡರು. ಅವಳು ಆಗಲೇ ನೋಡಿದ್ದಳು. “ಇರ್ಲಿ ಬಿಡಣ್ಣಾ, ನಾನು ಯಾರೂ ಅಲ್ಲ ಅಂತ ಪೇಪರಿನ್ಯಾಗ ಬಂದೈತಿ,” ಎಂದು ಕಸಬರಿಗೆ ಹಿಡಿದು ಅಂಗಳಕ್ಕೆ ಹೋದಳು. ಅಷ್ಟು ಹೊತ್ತು ಅವಳು ಕಸ ಹೊಡೆದದ್ದನ್ನು ನಾನು ಕಂಡಿರಲಿಲ್ಲ. ಅಂಗಳದಲ್ಲಿ ಕಸವೇ ಇರಲಿಲ್ಲ.

ಮತ್ತೆ ಅರ್ಜಿ ಕರೆದಾಗ ಅವಳ ವಯಸ್ಸು ದಾಟಿತ್ತು. ಊರಿನ ಒಂದು ಖಾಸಗಿ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಕಲಿಸುವ ಕೆಲಸ ಸಿಕ್ಕಿತು. ಸಂಸ್ಥೆ ಬೇರೆಯವರದು, ಕೀಲಿಯೂ ಅವರದೇ. ಮಕ್ಕಳು ಮಾತ್ರ ಅವಳಿಗೆ ಅಂಟಿಕೊಂಡವು. ಅಷ್ಟಕ್ಕೆ ನಾನು ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿದೆ. ಅವಳು ಹಚ್ಚಲಿಲ್ಲ. ನಾನೂ ಹಚ್ಚು ಎನ್ನಲಿಲ್ಲ.

ಮುಂದೆ ಒಂದು ಬೇಸಿಗೆಯಲ್ಲಿ ಇಬ್ಬರೂ ಸಂತೆಯಿಂದ ಬರುತ್ತಿದ್ದೆವು. ಆ ಓಣಿಯ ಬಾಯಿಗೆ ಬಂದಾಗ ಅಂಗಡಿಯ ತುಂಬ ಹುಡುಗಿಯರು ಕೂತಿದ್ದು ಕಂಡಿತು. ಮತ್ತೆ ಯಾವುದೋ ಪರೀಕ್ಷೆಯ ಹಾಲ್ ಟಿಕೆಟ್ಟು. ಮಡಿಲಲ್ಲಿ ರೊಟ್ಟಿ ಗಂಟು. ಪರದೆಯ ಮೇಲೆ ಬಿಳಿ. ಒಳಗಿಂದ ಗುಲಾಬಿ ಹೊಗೆ ಹೊರಗೆ ಬರುತ್ತಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ನಡೆದೆ. ತಿರುಗಿ ನೋಡಿದರೆ ನಾದಿನಿ ಪಕ್ಕದಲ್ಲಿಲ್ಲ. ಕಾಯಿಪಲ್ಲೆಯ ಚೀಲದ ಸಮೇತ ಅಂಗಡಿಯ ಒಳಗೆ ಹೋಗಿ, ಒಬ್ಬ ಹುಡುಗಿಯ ಹೆಗಲ ಮೇಲಿಂದ ಪರದೆಗೆ ಬಾಗಿದ್ದಳು.

“ಯಾವಾಗಿಂದ ಹಿಂಗೈತಿ?”

“ಮುಂಜಾನಿಂದರಿ.”

“ಪರೀಕ್ಷಾ ಯಾವಾಗ?”

“ನಾಡದರಿ. ಬರಾಕತ್ತೈತಿ ಅಂದ್ರು.”

“ಏಳ್ರಿ,” ಎಂದಳು ನಾದಿನಿ. ಎರಡನೆಯ ಇಯತ್ತೆಯ ಮಕ್ಕಳನ್ನು ಎಬ್ಬಿಸುವ ದನಿ. “ಇದು ಬರೂದಿಲ್ಲ. ಎಲ್ಲಾರೂ ಏಳ್ರಿ. ಬಿಜಾಪುರದ ಬಸ್ ಈಗ ಬಿಡತೈತಿ, ಲಗೂ ಹೋಗ್ರಿ. ಕಚೇರ್ಯಾಗ ಕೇಳ್ರಿ, ಕೊಡೂದಿಲ್ಲಂದ್ರ ಬಾಗಲದಾಗ ಕುಂದರ್ರಿ. ಇಲ್ಲಿ ಕುಂದರಬ್ಯಾಡ್ರಿ.”

ಅಂಗಡಿಯವರು ಮೇಜಿನ ಹಿಂದಿನಿಂದ ಎದ್ದರು. “ಅಕ್ಕಾರ, ಇನ್ನೂ ನನ್ನ ಬೋಣಿ...”

ಅವಳು ಅವರ ಕಡೆ ನೋಡಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏಳಲಿಲ್ಲ. ಹೊರಗೆ ಬಿಸಿಲು, ಒಳಗೆ ಫ್ಯಾನು, ಮುಂದೆ ಚಹಾ. ಜೇನಿನಂಥ ಮಾತಾಡುವವರನ್ನು ಬಿಟ್ಟು, ಚೀಲದಲ್ಲಿ ಮೆಂತ್ಯ ಪಲ್ಯೆ ಹಿಡಿದ ಯಾವಳೋ ಒಬ್ಬಳ ಮಾತಿಗೆ ಯಾಕೆ ಎದ್ದಾರು? ಆಮೇಲೆ ಮೂಲೆಯಲ್ಲಿದ್ದ ಒಬ್ಬಳು ಗಂಟು ಎತ್ತಿಕೊಂಡಳು. ಅವಳ ಹಿಂದೆ ಇನ್ನಿಬ್ಬರು. ಬಾಗಿಲಲ್ಲಿ ಚಪ್ಪಲಿ ಹುಡುಕುವ ಗಡಿಬಿಡಿಯಾಯಿತು. ಉಳಿದವರು ಕೂತೇ ಇದ್ದರು.

ಮೊದಲು ಎದ್ದವಳು ಚಪ್ಪಲಿ ಮೆಟ್ಟುತ್ತ ನಾದಿನಿಯ ಮುಖ ನೋಡಿದಳು. “ನಿಮ್ದೂ ಐತೇನ್ರಿ ಪರೀಕ್ಷಾ?”

“ನಂದು ಮುಗದೈತಿ,” ಎಂದಳು ನಾದಿನಿ. “ನೀ ಓಡು.”